ಒಂದು ಬೇರಿಂಗ್‌ಗೋಸ್ಕರ ಇಡೀ ಮಷಿನ್ ಎಸೀಬೇಕಂತೆ!

ಇದನ್ನ ಬರೀದೇ ಇದ್ರೆ ಇವತ್ತು ನನ್ನ ಹೊಟ್ಟೆಯುರಿ ಆರಲ್ಲ.

ನಮ್ಮ ವಾಷಿಂಗ್ ಮಷಿನ್‌ಗೆ ಆರೇ ವರ್ಷ. ಎರಡು ತಿಂಗಳಿಂದ ಸ್ಪಿನ್ ಶುರುವಾದ್ರೆ ಸಾಕು, ಗರ್ರ್ ಅಂತ ಮನೆಯೆಲ್ಲ ಅದುರೋ ಸದ್ದು. ಪಕ್ಕದ ರೂಮಲ್ಲಿ ಮಲಗಿರೋ ಅತ್ತೆ ಬೆಚ್ಚಿಬಿದ್ದು ಎದ್ದು ಕೂರ್ತಾರೆ. ಬಾಗಿಲು ತೆಗೆದು ಡ್ರಮ್ ಹಿಡಿದು ಅಲ್ಲಾಡಿಸಿದ್ರೆ ಲಟಕ್ ಲಟಕ್ ಅನ್ನುತ್ತೆ. ಹಿಂದುಗಡೆ ತುಕ್ಕು ನೀರು ಇಳಿದ ಕಂದು ಗೆರೆ.

ಸರ್ವಿಸ್‌ನವರು ಬಂದು ನೋಡಿ, "ಬೇರಿಂಗ್ ಹೋಗಿದೆ ಮೇಡಂ" ಅಂದ್ರು. ಸರಿ, ಬೇರೆ ಹಾಕಿ ಅಂದೆ. "ಆಗಲ್ಲ ಮೇಡಂ, ಡ್ರಮ್ಮಿನ ಹೊರಗಿನ ಟಬ್ ಸೀಲ್ಡ್, ಬಿಚ್ಚೋಕಾಗಲ್ಲ. ಟಬ್ಬು, ಡ್ರಮ್ಮು ಪೂರ್ತಿ ಸೆಟ್ಟೇ ಹಾಕಬೇಕು. ಅದರ ಬದಲು ಹೊಸ ಮಷಿನ್ನೇ ತಗೊಂಡ್‌ಬಿಡಿ."

ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳಬೇಕಾ?

ಡ್ರಮ್ಮಿನ ಹಿಂದಿನ ಶಾಫ್ಟ್ ತಿರುಗೋದು ಎರಡು ಬೇರಿಂಗ್ ಮೇಲೆ, ಅಂದ್ರೆ ಒಳಗೆ ಗುಂಡು ಕೂರಿಸಿದ ಉಕ್ಕಿನ ಬಳೆಗಳ ಮೇಲೆ. ಅದಕ್ಕೆ ನೀರು ತಾಗದ ಹಾಗೆ ಮುಂದೆ ಒಂದು ರಬ್ಬರ್ ಸೀಲ್. ಸೀಲ್ ಸವೆದ್ರೆ ನೀರು ನುಗ್ಗುತ್ತೆ, ಗ್ರೀಸ್ ತೊಳೆದು ಹೋಗುತ್ತೆ, ಗುಂಡುಗಳು ತುಕ್ಕು ಹಿಡಿಯುತ್ತೆ. ಅಷ್ಟೇ ಕಾಯಿಲೆ. ಮೊದಲೆಲ್ಲ ಟಬ್ಬಿನ ಎರಡು ಹೋಳನ್ನ ಸ್ಕ್ರೂ ಹಾಕಿ ಜೋಡಿಸ್ತಿದ್ರು. ಬಿಚ್ಚಿ, ಹಳೇದನ್ನ ತಟ್ಟಿ ತೆಗೆದು, ಹೊಸದು ಕೂರಿಸಿದ್ರೆ ಆಯ್ತು. ನನ್ನ ಮಷಿನ್ನಲ್ಲಿ ಆ ಎರಡು ಹೋಳನ್ನೇ ಬೆಸೆದುಬಿಟ್ಟಿದ್ದಾರೆ! ಬೇರಿಂಗ್ ನೋಡಿದ್ರೆ ಅಂಗೈಲಿ ಹಿಡಿಸೋವಂಥದ್ದು, 6205, 6206 ಅಂತ ನಂಬರ್ ಹೇಳಿದ್ರೆ ಎಲ್ಲಿ ಬೇಕಾದ್ರೂ ಸಿಗೋ ಮಾಮೂಲಿ ಸಾಮಾನು. ಅದನ್ನ ತಲುಪೋಕೆ ಗರಗಸ ಬೇಕು.

ಯುರೋಪ್ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಇದಕ್ಕೊಂದು ನಿಯಮ ಇದೆ, ಆ ಮಾದರಿ ಮಾರೋದು ನಿಂತ ಮೇಲೂ ವಾಷಿಂಗ್ ಮಷಿನ್ ಬಿಡಿಭಾಗ 10 ವರ್ಷ ಸಿಗಬೇಕು ಅಂತ. ಖುಷಿಯಿಂದ ಓದ್ತಾ ಹೋದೆ. ಪಟ್ಟಿಯಲ್ಲಿ ಡ್ರಮ್ಮೂ ಇದೆ, ಬೇರಿಂಗೂ ಇದೆ. ಪಕ್ಕದಲ್ಲೇ "ಬಿಡಿಯಾಗಿ ಅಥವಾ ಒಟ್ಟಾಗಿ" ಅಂತ ಸೇರಿಸಿದ್ದಾರೆ. ಅಂದ್ರೆ ಇಡೀ ಸೆಟ್ ಮಾರಿದ್ರೂ ನಿಯಮ ಪಾಲಿಸಿದ ಲೆಕ್ಕವೇ. ಓದಿ ಮೈಯೆಲ್ಲ ಉರಿದುಹೋಯ್ತು.

ಹನ್ನೊಂದು ದಿನದಿಂದ ಕೈಯಲ್ಲೇ ಒಗೀತಿದ್ದೀನಿ. ಬೆಡ್‌ಶೀಟ್ ಹಿಂಡಿ ಹಿಂಡಿ ಮಣಿಕಟ್ಟು ಊದಿದೆ. ಆದ್ರೆ ನನ್ನನ್ನ ಹೆಚ್ಚು ಚುಚ್ಚಿದ್ದು ಮಗನ ಮಾತು. "ಕೆಟ್ಟೋಯ್ತಲ್ಲಮ್ಮ, ಎಸೆದು ಹೊಸದು ತರೋಣ, ಅದಕ್ಯಾಕೆ ಇಷ್ಟು ಬೇಜಾರು?" ಎಂಟು ವರ್ಷದ ಮಗು. ಅವನ ತಪ್ಪೇನಿಲ್ಲ. ಅವನ ಕಣ್ಣೆದುರು ಈ ಮನೇಲಿ ಒಂದು ವಸ್ತುವಾದ್ರೂ ರಿಪೇರಿ ಆಗಿದ್ದುಂಟಾ? ಇಯರ್‌ಫೋನಿನ ಬ್ಯಾಟರಿ ಅಂಟಿಸಿದ್ದು, ಎಸೆದ್ವಿ. ಟಾರ್ಚ್ ಬಿಚ್ಚೋಕಾಗಲಿಲ್ಲ, ಎಸೆದ್ವಿ. ನಮ್ಮಪ್ಪ ಭಾನುವಾರ ನೆಲದ ಮೇಲೆ ಪೇಪರ್ ಹಾಸಿ ಇಸ್ತ್ರಿ ಪೆಟ್ಟಿಗೆ ಬಿಚ್ತಿದ್ರು. ಬಿಚ್ಚಿದ ಸ್ಕ್ರೂಗಳನ್ನ ಡಬ್ಬಿ ಮುಚ್ಚಳದಲ್ಲಿ ಸಾಲಾಗಿ ಜೋಡಿಸೋದು ನನ್ನ ಕೆಲಸ. ಒಂದು ವಸ್ತು ಯಾಕೆ ಕೆಟ್ಟಿತು ಅಂತ ಕೇಳೋದನ್ನ ನಾನು ಕಲಿತಿದ್ದೇ ಅಲ್ಲಿ. ಈ ಮಕ್ಕಳು ಎಲ್ಲಿ ಕಲೀಬೇಕು? ಇವರೇ ನಾಳೆ ಊರು ನಡೆಸಬೇಕಾದವರು. ಕೆಟ್ಟಿದ್ದನ್ನ ಬಿಚ್ಚಿ ನೋಡೋ ಅಭ್ಯಾಸವೇ ಇಲ್ಲದವರ ಕೈಗೆ ಎಲ್ಲವನ್ನೂ ಬಿಟ್ಟುಹೋಗ್ತೀವಲ್ಲ ಅಂತ ನೆನೆದ್ರೆ ನನಗೆ ನಿಜಕ್ಕೂ ಭಯ ಆಗುತ್ತೆ.

2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯ, ಅಂದ್ರೆ ಎಸೆದ ಎಲೆಕ್ಟ್ರಿಕ್, ಎಲೆಕ್ಟ್ರಾನಿಕ್ ಸಾಮಾನು, 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋಗಿದೆ ಅಂತ ದಾಖಲಾಗಿದ್ದು ಶೇ. 22.3 ಮಾತ್ರ. 2030ಕ್ಕೆ ಒಟ್ಟು ಇ-ತ್ಯಾಜ್ಯ 8.2 ಕೋಟಿ ಟನ್ ಆಗುತ್ತೆ ಅಂತ ಅಂದಾಜು. ನನ್ನ ಮಷಿನ್ನಿನ ಮೋಟರ್ ಚೆನ್ನಾಗಿದೆ, ಪಂಪ್ ಚೆನ್ನಾಗಿದೆ, ಬಾಗಿಲಿನ ಗಾಜಿನ ಮೇಲೆ ಒಂದು ಗೀರೂ ಇಲ್ಲ. ಇದನ್ನೂ ಆ ಗುಡ್ಡೆಗೆ ಸೇರಿಸಬೇಕಾ? ಯಾರ ಲಾಭಕ್ಕೆ?

ಸೇರಿಸಲ್ಲ. ಟಬ್ ಕೊಯ್ದು, ಬೇರಿಂಗ್ ಹಾಕಿ, ಅಂಚಿಗೆ ತೂತು ಕೊರೆದು ಸ್ಕ್ರೂ, ಸಿಲಿಕೋನ್ ಹಾಕಿ ಕೂಡಿಸ್ತೀನಿ ಅಂತ ಒಬ್ಬ ಮೆಕ್ಯಾನಿಕ್ ಒಪ್ಪಿದ್ದಾರೆ. ಸೋರಿದ್ರೆ ನನ್ನನ್ನ ಕೇಳಬೇಡಿ ಅಂತ ಮೊದಲೇ ಹೇಳಿದ್ದಾರೆ. ಸೋರಲಿ, ನೋಡೋಣ. ಭಾನುವಾರ ಬರ್ತಾರೆ. ಮಗನಿಗೆ ಒಂದು ಡಬ್ಬಿ ಮುಚ್ಚಳ ತೆಗೆದಿಟ್ಟಿದ್ದೀನಿ.