ಹುಡುಗ ದುಡ್ಡು ಹಾಕಿದ್ದ

ನಮ್ಮಕ್ಕನ ಮಗನಿಗೆ ಇಪ್ಪತ್ತೆರಡು ವರ್ಷ. ತುಮಕೂರಿನಲ್ಲಿ ಡಿಪ್ಲೊಮಾ ಮುಗಿಸಿ ಪೀಣ್ಯದ ಕಾರ್ಖಾನೆಯೊಂದಕ್ಕೆ ಸೇರಿದ್ದ. ಅಲ್ಲಿ ಬಿಟ್ಟು ಈಗ ವಸಂತನರಸಾಪುರದಲ್ಲಿ ಕೆಲಸ ಮಾಡ್ತಿದಾನೆ. ಆಗಸ್ಟ್ ತಿಂಗಳ ಒಂದು ರಾತ್ರಿ ಒಂಬತ್ತೂವರೆಗೆ ಅಕ್ಕ ಗುಬ್ಬಿಯಿಂದ ಫೋನ್ ಮಾಡಿ ಅಳೋಕೆ ಶುರು ಮಾಡಿದಳು. ಯಾರೋ ಅವಳಿಗೆ ಫೋನ್ ಮಾಡಿ, "ನಿಮ್ಮ ಮಗ ಸಾಲ ತಗೊಂಡು ತಲೆ ತಪ್ಪಿಸ್ಕೊಂಡಿದಾನೆ, ಕೇಸ್ ಹಾಕ್ತೀವಿ" ಅಂದನಂತೆ. ಅವಳು ಅಂಗನವಾಡಿ ಸಹಾಯಕಿ. ಜೀವಮಾನದಲ್ಲಿ ಅಂಗಡಿಯವನ ಹತ್ತಿರವೂ ಕಡ ಹೇಳಿದವಳಲ್ಲ.

ಮೊದಲು ನಾನೂ ಹುಡುಗನಿಗೇ ಬೈದೆ. "ಕೈಗೆ ಸಂಬಳ ಬಂದ ತಕ್ಷಣ ಫೋನ್ ಬೇಕಾಯ್ತೇನೋ ನಿಂಗೆ" ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕಮ್ಮ, ನಾನು ದುಡ್ಡು ಹಾಕಿದೀನಿ. ಪ್ರತಿ ತಿಂಗಳೂ ಹಾಕಿದೀನಿ. ಎಲ್ಲಿ ಹೋಗ್ತಿದೆ ಅಂತ ನಂಗೆ ಗೊತ್ತಾಗ್ತಿಲ್ಲ" ಅಂದ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾನುವಾರ ಮನೆಗೆ ಕರೆಸಿಕೊಂಡು ಆರು ತಿಂಗಳ ಸ್ಟೇಟ್‌ಮೆಂಟ್ ತೆಗೆಸಿದೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡೋಳು. ಪೆನ್ಸಿಲ್ ಹಿಡಿದು ಒಂದೊಂದೇ ಸಾಲಿಗೆ ಗುರುತು ಹಾಕ್ತಾ ಹೋದ ಹಾಗೆ ನನ್ನ ಕೈ ನಡುಗೋಕೆ ಶುರುವಾಯಿತು.

ಪೀಣ್ಯದ ಕಂಪನಿಯವರು ಅವನಿಗೆ ಒಂದು ಖಾಸಗಿ ಬ್ಯಾಂಕಿನಲ್ಲಿ ಸಂಬಳದ ಖಾತೆ ಮಾಡಿಸಿಕೊಟ್ಟಿದ್ದರು. ಝೀರೋ ಬ್ಯಾಲೆನ್ಸ್, ಅಂದರೆ ಇಷ್ಟು ದುಡ್ಡು ಇಟ್ಟಿರಲೇಬೇಕು ಅನ್ನೋ ಷರತ್ತಿಲ್ಲ. ಅದೇ ಖಾತೆ ಕೊಟ್ಟು ಕಂತಿನಲ್ಲಿ ಫೋನ್ ತಗೊಂಡಿದ್ದ, ತಿಂಗಳಿಗೆ 1,899 ರೂಪಾಯಿ, ಐದನೇ ತಾರೀಖು ತಾನಾಗೇ ಕಡಿತ. ಒಂದನೇ ತಾರೀಖು ಸಂಬಳ ಬರ್ತಿದ್ದರಿಂದ ಯಾವ ತೊಂದರೆಯೂ ಇರಲಿಲ್ಲ. ಹೊಸ ಕಂಪನಿಯ ಸಂಬಳ ಬೇರೆ ಬ್ಯಾಂಕಿಗೆ, ಅದೂ ಏಳನೇ ತಾರೀಖು. ಕೂಡಿಟ್ಟಿದ್ದರಲ್ಲಿ ಮೇ ತನಕ ಹೇಗೋ ನಡೆಯಿತು. ಜೂನ್‌ಗೆ ಆ ಹಳೇ ಖಾತೆಯಲ್ಲಿ ಒಂದು ಪೈಸೆ ಉಳಿದಿರಲಿಲ್ಲ.

ಇಲ್ಲಿಂದ ಮುಂದೆ ದಯವಿಟ್ಟು ನಿಧಾನವಾಗಿ ಓದಿ.

ಜೂನ್ ಐದಕ್ಕೆ ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸಾಯಿತು, ಅಂದರೆ ಬೌನ್ಸ್ ಆಯಿತು. ಬ್ಯಾಂಕಿನ ದಂಡ 500, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 590. ಖಾತೆಯಲ್ಲಿ ದುಡ್ಡಿಲ್ಲವಲ್ಲ, ಬಾಕಿ ಅಂತ ಬರೆದಿಟ್ಟುಕೊಂಡರು. ಏಳಕ್ಕೆ ಸಂಬಳ ಬಂತು. ಹುಡುಗ ಅವತ್ತೇ ಸಂಜೆ 1,899 ರೂಪಾಯಿ ಹಾಕಿದ. ಬ್ಯಾಂಕು ಮೊದಲು ತನ್ನ 590 ಎತ್ತಿಕೊಂಡಿತು. ಉಳಿದದ್ದು 1,309. ಹತ್ತನೇ ತಾರೀಖು ಫೋನಿಗೆ ಸಾಲ ಕೊಟ್ಟ ಫೈನಾನ್ಸ್‌ನವರು ಎರಡನೇ ಸಲ ಕಂತಿಗೆ ಕೈ ಹಾಕಿದರು. ಸಾಲಲಿಲ್ಲ. ಮತ್ತೆ ಬೌನ್ಸ್, ಮತ್ತೆ 590. ಉಳಿದದ್ದು 719. ತಿಂಗಳ ಕೊನೆಗೆ "ಕನಿಷ್ಠ ಬ್ಯಾಲೆನ್ಸ್ ಇಲ್ಲ" ಅಂತ 600, ಜಿಎಸ್‌ಟಿ ಸೇರಿ 708. ಉಳಿದದ್ದು ಹನ್ನೊಂದು ರೂಪಾಯಿ.

ಹುಡುಗ ಹಾಕಿದ 1,899ರಲ್ಲಿ ಬ್ಯಾಂಕು ತಿಂದದ್ದು 1,888. ಕಂತಿಗೆ ಒಂದು ರೂಪಾಯಿಯೂ ಹೋಗಲಿಲ್ಲ.

ಜುಲೈನಲ್ಲಿ ಇದೇ ಕಥೆ. ಐದಕ್ಕೆ ಬೌನ್ಸ್, ಏಳಕ್ಕೆ ಇವನು ದುಡ್ಡು ಹಾಕೋದು, ಅದರಲ್ಲಿ ದಂಡ ಮುರಿದುಕೊಳ್ಳೋದು, ಹತ್ತಕ್ಕೆ ಮತ್ತೆ ಬೌನ್ಸ್. ತಿಂಗಳ ಕೊನೆಗೆ ಉಳಿದದ್ದು 22 ರೂಪಾಯಿ. ಆಗಸ್ಟ್ ಐದಕ್ಕೆ ಇನ್ನೊಂದು ಬೌನ್ಸ್. ಎರಡು ತಿಂಗಳಲ್ಲಿ ಇವನು ಹಾಕಿದ್ದು 3,798. ಬ್ಯಾಂಕು ಹಾಕಿದ ದಂಡ 4,366. ಹಾಕಿದ್ದೆಲ್ಲ ನುಂಗಿ ಇನ್ನೂ 568 ಬಾಕಿ! ಆ ಕಡೆ ಮೂರೂ ಕಂತು ಹಾಗೇ ನಿಂತಿವೆ, ಫೈನಾನ್ಸ್‌ನವರು ತಮ್ಮ ಬೌನ್ಸ್ ದಂಡ ಬೇರೆ ಸೇರಿಸಿದಾರೆ, ಯಾರು ಸಾಲ ಸರಿಯಾಗಿ ಕಟ್ಟಿದಾರೆ ಅಂತ ದಾಖಲೆ ಇಡೋ ಸಿಬಿಲ್‌ನಲ್ಲಿ ಹುಡುಗನ ಹೆಸರು ಕೆಟ್ಟಿದೆ.

ತಾನೇ ದುಡ್ಡು ಎತ್ತಿಕೊಂಡು, ಆಮೇಲೆ ದುಡ್ಡಿಲ್ಲ ಅಂತ ದಂಡ ಹಾಕೋದು ಯಾವ ನ್ಯಾಯ? ಮೊದಲನೇ ಬೌನ್ಸ್ ಹುಡುಗನದೇ ತಪ್ಪು, ಒಪ್ತೀನಿ. ತಾರೀಖು ಬದಲಾದದ್ದನ್ನ ಫೈನಾನ್ಸ್‌ಗೆ ಹೇಳಬೇಕಿತ್ತು. ಆದರೆ ಹತ್ತನೇ ತಾರೀಖಿನ ಬೌನ್ಸ್ ಅವನು ಮಾಡಿದ್ದಲ್ಲ. ಬ್ಯಾಂಕು ಮೂರು ದಿನ ತಾಳಿದ್ದರೆ ಕಂತು ಹೋಗ್ತಿತ್ತು, ದಂಡವನ್ನ ಆಮೇಲೆ ವಸೂಲಿ ಮಾಡಬಹುದಿತ್ತು.

ಶನಿವಾರ ಇಬ್ಬರೂ ತುಮಕೂರಿನ ಶಾಖೆಗೆ ಹೋದೆವು. ಮುಕ್ಕಾಲು ಗಂಟೆ ಕೂರಿಸಿದರು. ಆಮೇಲೆ ಬಂದ ಹುಡುಗಿ, "ಮೇಡಂ, ಸಿಸ್ಟಮ್ಮೇ ತಗೊಳ್ಳುತ್ತೆ, ನಮ್ಮ ಕೈಲಿ ಏನೂ ಇಲ್ಲ. ಹೋಮ್ ಬ್ರಾಂಚ್‌ಗೆ ಹೋಗಿ" ಅಂದಳು. ಹೋಮ್ ಬ್ರಾಂಚ್ ಅಂದರೆ ಖಾತೆ ತೆರೆದ ಶಾಖೆ, ಅದು ಬೆಂಗಳೂರಿನ ಪೀಣ್ಯದಲ್ಲಿ. ಈ ಹುಡುಗ ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದ. ಮ್ಯಾನೇಜರ್ ಹತ್ತಿರ ಹೋದರೆ, "ಸ್ಯಾಲರಿ ಬರೋದು ನಿಂತು ಮೂರು ತಿಂಗಳಾದ್ಮೇಲೆ ನಾರ್ಮಲ್ ಸೇವಿಂಗ್ಸ್ ಆಗುತ್ತೆ, ಹತ್ತು ಸಾವಿರ ಮೇಂಟೇನ್ ಮಾಡಬೇಕು, ಮೆಸೇಜ್ ಹೋಗಿರುತ್ತಲ್ಲ" ಅಂದರು. ಹುಡುಗನ ಫೋನ್ ತಡಕಿದೆವು. ಒಂದು ಮೆಸೇಜ್ ಇತ್ತು. ಇಂಗ್ಲಿಷಿನಲ್ಲಿ, ನಿಮ್ಮ ಖಾತೆಯ ಸ್ಕೀಮ್ ಕೋಡ್ ಬದಲಾಗಿದೆ ಅಂತ. ಹತ್ತು ಸಾವಿರದ ಮಾತಿಲ್ಲ, ದಂಡದ ಮಾತಿಲ್ಲ.

ಮನೆಗೆ ಬಂದು ನಿಯಮ ಹುಡುಕಿ ಓದಿದೆ. ರಿಸರ್ವ್ ಬ್ಯಾಂಕ್ 2014ರ ನವೆಂಬರ್ 20ರಂದೇ ಸುತ್ತೋಲೆ ಹೊರಡಿಸಿದೆ, 2015ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕನಿಷ್ಠ ಬ್ಯಾಲೆನ್ಸ್ ಇಲ್ಲದಿದ್ದರೆ ಗ್ರಾಹಕನಿಗೆ ಮೊದಲು ಸ್ಪಷ್ಟವಾಗಿ ತಿಳಿಸಬೇಕು, ಇಂತಿಂಥ ದಂಡ ಬೀಳುತ್ತೆ ಅಂತ ಹೇಳಬೇಕು. ತಿಳಿಸಿದ ಮೇಲೆ ಒಂದು ತಿಂಗಳಾದರೂ ಸಮಯ ಕೊಡಬೇಕು. ಎಷ್ಟು ಕಡಿಮೆಯಾಗಿದೆಯೋ ಅದಕ್ಕೆ ತಕ್ಕ ಹಾಗೆ ದಂಡ ಇರಬೇಕು. ಬರೀ ಈ ದಂಡದಿಂದಲೇ ಉಳಿತಾಯ ಖಾತೆ ಮೈನಸ್‌ಗೆ ಹೋಗಕೂಡದು. ಇದೆಲ್ಲ ಹತ್ತು ವರ್ಷಕ್ಕೂ ಹಳೆಯ ನಿಯಮ. ಕೌಂಟರಿನಲ್ಲಿ ಕೂತವರಿಗೆ ಗೊತ್ತಿಲ್ಲ ಅಂತ ನಾನು ನಂಬೋದಿಲ್ಲ.

2024ರ ಜುಲೈನಲ್ಲಿ ಸರ್ಕಾರವೇ ಲೋಕಸಭೆಗೆ ಕೊಟ್ಟ ಲೆಕ್ಕದಲ್ಲಿ, ಐದು ವರ್ಷದಲ್ಲಿ ಸರ್ಕಾರಿ ಬ್ಯಾಂಕುಗಳು ಕನಿಷ್ಠ ಬ್ಯಾಲೆನ್ಸ್ ದಂಡ ಅಂತಲೇ ವಸೂಲಿ ಮಾಡಿದ್ದು ಸುಮಾರು 8,500 ಕೋಟಿ. ಖಾಸಗಿಯವರದು ಇದರಲ್ಲಿ ಸೇರಿಲ್ಲ. ಖಾತೆಯಲ್ಲಿ ದುಡ್ಡಿರೋರು ಈ ದಂಡ ಕಟ್ಟೋದಿಲ್ಲ. ಕಟ್ಟೋರು ನಮ್ಮ ಅಕ್ಕನ ಮಗನಂಥವರು, ತಿಂಗಳ ಕೊನೆಗೆ ಬಸ್ ಚಾರ್ಜಿಗೆ ಲೆಕ್ಕ ಹಾಕೋರು.

ರಾತ್ರಿ ಒಂಬತ್ತಕ್ಕೆ ಅಕ್ಕನಿಗೆ ಫೋನ್ ಮಾಡಿದವನ ವಿಷಯ. ಸಾಲ ವಸೂಲಿಗೆ ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ಫೋನ್ ಮಾಡೋ ಹಾಗಿಲ್ಲ, ಮನೆಯವರನ್ನ, ಸ್ನೇಹಿತರನ್ನ ಕಾಡೋ ಹಾಗಿಲ್ಲ ಅಂತ 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಮತ್ತೆ ಒತ್ತಿ ಹೇಳಿದೆ. ಸಾಲದ ಅರ್ಜಿಯಲ್ಲಿ ಪರಿಚಯಕ್ಕೆ ಅಂತ ಬರೆದ ತಾಯಿಯ ನಂಬರು ಅದು, ಹೆದರಿಸೋಕೆ ಕೊಟ್ಟಿದ್ದಲ್ಲ. ಅವನು ಮತ್ತೆ ಮಾಡಿದಾಗ ಹುಡುಗನ ಕೈಯಿಂದ ಫೋನ್ ತಗೊಂಡು, ಹೆಸರು, ಏಜೆನ್ಸಿ, ಗುರುತಿನ ಚೀಟಿಯ ನಂಬರು ಕೇಳಿದೆ. ಇಟ್ಟುಬಿಟ್ಟ.

ಮೂರು ಕಂತನ್ನ ನಾನೇ ಫೈನಾನ್ಸ್‌ನವರ ಆ್ಯಪ್‌ನಲ್ಲಿ ನೇರವಾಗಿ ಕಟ್ಟಿ ರಸೀದಿ ಇಳಿಸಿಕೊಂಡೆ. ಹಳೇ ಖಾತೆಯ ಕಡಿತದ ಒಪ್ಪಿಗೆ ರದ್ದು ಮಾಡಿಸಿ, ಹೊಸ ಸಂಬಳದ ಖಾತೆಗೆ ಹತ್ತನೇ ತಾರೀಖಿಗೆ ಬದಲಾಯಿಸಿ ಅಂತ ಅರ್ಜಿ ಕೊಡಿಸಿದೆ. ಈ ಹೊಸ ಕೆಲಸವೂ ಬಿಟ್ಟರೆ ಮತ್ತೆ ಇದೇ ಪಾಡಾಗಬಾರದು ಅಂತ ಸ್ಟೇಟ್ ಬ್ಯಾಂಕಿನಲ್ಲಿ ಅವನಿಗೊಂದು ಉಳಿತಾಯ ಖಾತೆ ಮಾಡಿಸಿದೀನಿ; ಅಲ್ಲಿ ಕನಿಷ್ಠ ಬ್ಯಾಲೆನ್ಸ್ ಷರತ್ತನ್ನ 2020ರಲ್ಲೇ ತೆಗೆದುಹಾಕಿದಾರೆ. ಕೆನರಾ ಬ್ಯಾಂಕಿನವರೂ 2025ರ ಜೂನ್‌ನಿಂದ ತೆಗೆದಿದಾರೆ. ಅವರಿಗೆ ಆಗೋದು ಉಳಿದವರಿಗೆ ಯಾಕೆ ಆಗಲ್ಲ?

ಬ್ಯಾಂಕಿಗೆ ಎರಡು ಪುಟದ ದೂರು ಬರೆದು ಇಮೇಲ್ ಮಾಡಿಸಿದೆ. ಯಾವ ತಾರೀಖು ಎಷ್ಟು ಹಾಕಿದ, ಯಾವ ತಾರೀಖು ಎಷ್ಟು ಎತ್ತಿಕೊಂಡಿರಿ, ಆಗ ಉಳಿದದ್ದೆಷ್ಟು, ಎಲ್ಲ ಪಟ್ಟಿ ಮಾಡಿ. ಹುಡುಗ ಪಕ್ಕದಲ್ಲಿ ಕೂತು ಟೈಪ್ ಮಾಡಿದ. ಮುಗಿದ ಮೇಲೆ, "ಚಿಕ್ಕಮ್ಮ, ಹಾಗಾದ್ರೆ ನಾನು ಮೋಸ ಮಾಡಿಲ್ಲ ಅಲ್ವಾ" ಅಂತ ಕೇಳಿದ. ಮೂರು ತಿಂಗಳಿಂದ ಈ ಮಗು ತಾನು ಕಳ್ಳ ಅಂದುಕೊಂಡು ಯಾರಿಗೂ ಹೇಳದೆ ಒಳಗೇ ಬೇಯ್ತಿತ್ತು. ರೂಮಿನವನ ಹತ್ತಿರ ಸಾಲ ಮಾಡಿ ಊಟ ಮಾಡಿದಾನೆ. ನನಗೆ 4,366 ರೂಪಾಯಿಗಿಂತ ಹೊಟ್ಟೆ ಉರಿಯೋದು ಇದಕ್ಕೆ.

ಹತ್ತೊಂಬತ್ತನೇ ದಿನ ಉತ್ತರ ಬಂತು. ಎರಡು ತಿಂಗಳ ಕನಿಷ್ಠ ಬ್ಯಾಲೆನ್ಸ್ ದಂಡ 1,416 ರೂಪಾಯಿಯನ್ನ ಸೌಹಾರ್ದದಿಂದ ವಾಪಸ್ ಕೊಡ್ತೀವಂತೆ. ಬೌನ್ಸ್ ದಂಡ ನಿಯಮದ ಪ್ರಕಾರವೇ ಇದೆಯಂತೆ. ನಿಯಮ ಮುರಿದು ತಗೊಂಡ ದುಡ್ಡು ವಾಪಸ್ ಕೊಡೋದಕ್ಕೆ ಸೌಹಾರ್ದ ಅನ್ನೋ ಹೆಸರು ಯಾಕೆ? ತಪ್ಪಾಯ್ತು ಅನ್ನೋ ಒಂದು ಪದ ಆ ಪತ್ರದಲ್ಲಿಲ್ಲ.

ಬ್ಯಾಂಕು ಮೂವತ್ತು ದಿನದಲ್ಲಿ ಉತ್ತರ ಕೊಡದಿದ್ದರೂ, ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೂ ಗ್ರಾಹಕರ ದೂರು ವಿಚಾರಿಸೋ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ ಹತ್ತಿರ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳ್ತಾರೆ. ದೂರು ದಾಖಲಿಸಿದೀವಿ. ಹತ್ತನೇ ತಾರೀಖಿನ ಎರಡೂ ಬೌನ್ಸ್ ದಂಡ ವಾಪಸ್ ಬೇಕು, ಸಿಬಿಲ್‌ನಲ್ಲಿ ಬಿದ್ದ ಗುರುತು ಸರಿಯಾಗಬೇಕು. ಅದನ್ನ ನಾನು ಬಿಡೋದಿಲ್ಲ.

ಆ 1,416 ರೂಪಾಯಿ ಮೊನ್ನೆ ಸೋಮವಾರ ಸಂಜೆ ಹಳೇ ಖಾತೆಗೆ ಬಂತು. ಹುಡುಗ ಖುಷಿಯಿಂದ ಮೆಸೇಜ್ ಕಳಿಸಿದ. ಮಂಗಳವಾರ ಬೆಳಿಗ್ಗೆ ನೋಡಿದರೆ ಖಾತೆಯಲ್ಲಿ 848. ಆಗಸ್ಟ್ ಬೌನ್ಸಿನ ಬಾಕಿ 568ನ್ನ ರಾತ್ರೋರಾತ್ರಿ ಮುರಿದುಕೊಂಡಿದಾರೆ.