ಆಡಿಟ್ ಮಾಡುವವನಿಗೆ ಶಾಸನದ ಹುಚ್ಚು ಯಾಕೆ

ಆಡಿಟ್ ಕೆಲಸಕ್ಕೂ ಊರೂರು ಸುತ್ತಿ ಹಳೇ ಕಲ್ಲು ನೋಡಿ ಬರೆಯೋದಕ್ಕೂ ಏನು ಸಂಬಂಧ ಅಂತ ಆಗಾಗ ಕೇಳುತ್ತಾರೆ. ನನಗೆ ಎರಡೂ ಒಂದೇ ಕೆಲಸ. ವಾರವೆಲ್ಲ ಕ್ರಯಪತ್ರ, ಸಾಲಪತ್ರ, ಲೆಕ್ಕದ ಪುಸ್ತಕ ನೋಡುತ್ತೇನೆ. ದಾನಶಾಸನದಲ್ಲೂ, ಅಂದರೆ ಭೂಮಿ ದಾನ ಕೊಟ್ಟಿದ್ದನ್ನು ಕೆತ್ತಿಸಿಟ್ಟ ಕಲ್ಲಲ್ಲೂ, ಇರುವುದು ಅದೇ ಅಲ್ವಾ? ಕೊಟ್ಟವರು ಯಾರು, ಯಾರಿಗೆ ಕೊಟ್ಟರು, ಗದ್ದೆ ಎಷ್ಟು, ಬೆದ್ದಲು ಎಷ್ಟು, ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಏನು, ಯಾವ ತೆರಿಗೆ ಬಿಟ್ಟರು, ಸಾಕ್ಷಿ ಯಾರು. ಕಲ್ಲಿನ ಮೇಲ್ಭಾಗದಲ್ಲಿ ಸೂರ್ಯ, ಚಂದ್ರರ ಚಿತ್ರ. ಅವು ಇರುವತನಕ ಈ ದಾನ ನಡೆಯಬೇಕು ಅಂತ. ಕೊನೆಗೆ ಎಷ್ಟೋ ಕಲ್ಲುಗಳಲ್ಲಿ ಶಾಪ: ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಕೆರೆಯ ಶಾಸನಗಳು. ಅವುಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಅಂತ ಬರುತ್ತದೆ. ಕೆರೆ ಕಟ್ಟಿಸಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟುಕೊಟ್ಟ ಭೂಮಿ ಅದು, ಎಷ್ಟೋ ಸಲ ಆ ಕೆರೆಯ ಕೆಳಗಿನ ಗದ್ದೆಯೇ. ಈ ಏರ್ಪಾಡಿನ ಜಾಣತನ ನೋಡಿ. ಏರಿ ಒಡೆದರೆ, ಹೂಳು ತುಂಬಿದರೆ ಮೊದಲು ಒಣಗುವುದು ಅವನ ಗದ್ದೆಯೇ. ಹಾಗಾಗಿ ಯಾರೂ ಬಂದು ತಪಾಸಣೆ ಮಾಡಬೇಕಿಲ್ಲ, ಅನುದಾನಕ್ಕೆ ಕಾಯಬೇಕಿಲ್ಲ, ರಿಪೇರಿ ಖರ್ಚು ಎಲ್ಲಿಂದ ಬರಬೇಕು ಅನ್ನೋದನ್ನು ಕೆರೆ ಕಟ್ಟುವಾಗಲೇ ಯೋಚಿಸಿ ಕಲ್ಲಿನ ಮೇಲೆ ಬರೆಸಿಟ್ಟಿದ್ದಾರೆ. ಇವತ್ತು ಎಷ್ಟೋ ಕಾಮಗಾರಿಗಳ ಕಡತದಲ್ಲಿ ನಾನು ಹುಡುಕುವುದು ಇದೊಂದನ್ನೇ. ಸಿಗುವುದೇ ಇಲ್ಲ.

ಅದಕ್ಕೇ ಹೇಳುತ್ತೇನೆ, ತಿರುಗಾಟಕ್ಕೆ ಹೋಗುವಾಗ ನಿಮ್ಮ ಕೆಲಸವನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಲ್ಯಾಪ್‌ಟಾಪ್ ಒಯ್ಯಿರಿ ಅಂತಲ್ಲ, ಕೆಲಸ ಕಲಿಸಿದ ಪ್ರಶ್ನೆಗಳನ್ನು ಒಯ್ಯಿರಿ. ಬಿ.ಎಲ್. ರೈಸ್ ಮಾಡಿದ್ದು ಅದೇ ತಾನೆ? ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದವರು, ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ನೌಕರಿ. ಶಾಲೆ ತಪಾಸಣೆಗೆ ಹಳ್ಳಿ ಹಳ್ಳಿ ಸುತ್ತುವಾಗ ಶಾಸನಗಳು ಕಣ್ಣಿಗೆ ಬಿದ್ದವು. 1886ರಿಂದ ಶಾಸನಗಳನ್ನು ಒಟ್ಟುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಹೊರಬಂದವು, ಸುಮಾರು 9,000 ಶಾಸನಗಳು ದಾಖಲಾದವು. ನಮ್ಮ ನಾಡಿನ ಚರಿತ್ರೆ ಬರೆಯುವವರು ಇವತ್ತಿಗೂ ಆ ಸಂಪುಟಗಳನ್ನು ತೆಗೆಯದೆ ಮುಂದೆ ಹೋಗೋಕಾಗಲ್ಲ.

ಕಲ್ಲು ಓದೋದು ನಿಧಾನದ ಕೆಲಸ. ಮಧ್ಯಾಹ್ನದ ಬಿಸಿಲಲ್ಲಿ ಎದುರು ನಿಂತರೆ ಬರೀ ಒರಟು ಬಂಡೆ, ಅಕ್ಷರವೇ ಇಲ್ಲ ಅನ್ನಿಸುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಾಗಿಸಿ, ಬೆಳಕು ಮೈಸವರಿಕೊಂಡು ಹೋಗೋ ಹಾಗೆ ಹಿಡಿಯಬೇಕು. ಕೊರೆದ ಗೆರೆಗಳಲ್ಲಿ ನೆರಳು ತುಂಬಿ ಒಂದು ‘ಕ’, ಅದರ ಪಕ್ಕ ಒಂದು ‘ಳ’ ಎದ್ದು ಬರುತ್ತದೆ. ಟಾರ್ಚ್ ಎಡಗಡೆಯಿಂದ ಬಲಗಡೆಗೆ ಹೋದರೆ ಇಷ್ಟೊತ್ತು ಕಾಣದ ಒತ್ತಕ್ಷರ ಕಾಣುತ್ತದೆ. ಸೊಳ್ಳೆ ಕಚ್ಚಿದರೂ ಏಳುವ ಮನಸ್ಸಾಗಲ್ಲ. ಅಕ್ಷರ ಕಾಣಲಿ ಅಂತ ಯಾರೂ ದಯವಿಟ್ಟು ಕಲ್ಲಿಗೆ ಸುಣ್ಣ, ಪೇಂಟು ಬಳಿಯಬೇಡಿ.

ಇನ್ನು ಬರೆಯೋದು. ಬರೆಯದೆ ಇದ್ದರೆ ನಾನು ಅರ್ಧ ನೋಡಿ ಬರುತ್ತಿದ್ದೆ. ರಾತ್ರಿ ಕೂತು ಬರೆಯುವಾಗಲೇ ಪ್ರಶ್ನೆ ಏಳುವುದು: ತೂಬು ಯಾವ ಕಡೆಗಿತ್ತು, ಶಾಸನ ಹೇಳುವ ಮೂಡಣ ಗಡಿಯ ಹಳ್ಳ ಈಗಲೂ ಇದೆಯಾ, ಆ ಹೆಸರಿನ ಊರು ಏನಾಯಿತು. ಉತ್ತರಕ್ಕೆ ಮತ್ತೆ ಅದೇ ಊರಿಗೆ ಹೋಗಬೇಕು. ಹತ್ತು ಹೊಸ ಜಾಗ ನೋಡುವುದಕ್ಕಿಂತ ಒಂದೇ ಊರಿಗೆ ಪ್ರಶ್ನೆ ಹಿಡಿದು ತಿರುಗಿ ಹೋಗುವುದು ನನಗೆ ಹೆಚ್ಚು.

ಇದಕ್ಕೆ ದೂರ ಹೋಗಬೇಕು ಅಂತಲೂ ಇಲ್ಲ. ಬೆಂಗಳೂರಿನಲ್ಲೇ ಇರುವ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಶಾಸನವಿದೆ, ಬೆಂಗಳೂರಿನ ಕಾಳಗದಲ್ಲಿ ಸತ್ತವನ ಸುದ್ದಿ ಅದರಲ್ಲಿದೆ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಸಿಕ್ಕ, ಕಾಳಗದಲ್ಲಿ ಸತ್ತ ಕಿತ್ತಯ್ಯ ಅನ್ನೋ ವೀರನ ಕಲ್ಲು ಅದಕ್ಕಿಂತ ಹಳೆಯದು, ಸುಮಾರು 750ರದು. ಅದನ್ನು ಉಳಿಸಿಕೊಳ್ಳೋಕೆ ಓಡಾಡಿದವರಲ್ಲಿ ಬೇರೆ ನೌಕರಿ ಮಾಡಿಕೊಂಡೇ ಶಾಸನ ಹುಡುಕುವವರಿದ್ದರು.

ನನಗೆ ಕಾಣುವುದು ಲೆಕ್ಕ ಮಾತ್ರ. ಅದೇ ಕಲ್ಲನ್ನು ಒಬ್ಬ ಸರ್ವೇಯರ್ ನೋಡಿದರೆ ಅಳತೆಗೋಲಿನ ಬಗ್ಗೆ ಬರೆಯುತ್ತಾರೆ, ಕಲ್ಲು ಕೆಲಸದವರು ನೋಡಿದರೆ ಉಳಿ ಯಾವ ಕೋನದಲ್ಲಿ ಬಿದ್ದಿದೆ ಅಂತ ಹೇಳುತ್ತಾರೆ, ಕೃಷಿ ಓದಿದವರು ಆ ಗದ್ದೆಗೆ ಎಷ್ಟು ನೀರು ಬೇಕಿತ್ತು ಅಂತ ಲೆಕ್ಕ ಹಾಕುತ್ತಾರೆ. ಅವನ್ನೆಲ್ಲ ಓದೋಕೆ ನನಗೆ ತುಂಬಾ ಆಸೆ. ನಿಮ್ಮೂರ ಕೆರೆ ಏರಿಯ ಮೇಲೆ ಇಂಥ ಕಲ್ಲಿದ್ದರೆ, ನಿಮ್ಮ ಕೆಲಸದ ಕಣ್ಣಿಂದ ನೋಡಿ ಬರೆಯಿರಿ, ನನ್ನನ್ನು ಟ್ಯಾಗ್ ಮಾಡಿ.