ಕೇಳಿದವರು ಯಾರೆಂದು ಸರ್ವರ್‌ಗೆ ಹೇಳುವವರು ಯಾರು?

ನಿನ್ನೆ ರಾತ್ರಿ ಕಕ್ಕಡದ ಮಳೆ ಹೆಂಚಿನ ಮೇಲೆ ಒಂದೇ ಸಮನೆ ಬಡಿಯುತ್ತಿದ್ದಾಗ, ಮೂರನೆಯ ಸಲ ಹೋದ ಕರೆಂಟು ಮರಳಿದ ಮೇಲೆ, ಮಡಿಕೇರಿಯ ಹೋಂಸ್ಟೇ ಒಂದಕ್ಕೆ ನಾನೇ ಬರೆದ ಬುಕಿಂಗ್ ಪುಟವನ್ನು ತೆರೆದೆ. ‘ಕೋಣೆ ಖಾಲಿ ಇದೆಯೇ’ ಎಂಬ ಅಂಗೈಯಗಲದ ಚೌಕದೊಳಗೆ ಲೋಗೋ, ಮೆನು ಸಮೇತ ಇಡೀ ಲಾಗಿನ್ ಪುಟವೇ ಬಂದು ಕುಳಿತಿತ್ತು! ಸೆಷನ್, ಅಂದರೆ ಲಾಗಿನ್ ಆಗಿದ್ದ ಅವಧಿ, ಮುಗಿದಿದ್ದರಿಂದ ಸರ್ವರ್ 302, ಅಂದರೆ ‘ಅತ್ತ ಹೋಗು’, ಎಂದು ಲಾಗಿನ್ ಕಡೆಗೆ ಕೈ ತೋರಿಸಿತ್ತು. ಬ್ರೌಸರ್ ತುಟಿ ಪಿಟಕ್ಕೆನ್ನದೆ ಅತ್ತ ಹೋಗಿ, ಸಿಕ್ಕಿದ್ದನ್ನು 200, ಅಂದರೆ ‘ಎಲ್ಲ ಸರಿಯಿದೆ’, ಎಂಬ ಶುಭಸಮಾಚಾರದೊಂದಿಗೆ ಆ ಚೌಕ ತುಂಬುವ ನನ್ನ ಸ್ಕ್ರಿಪ್ಟಿಗೆ ಒಪ್ಪಿಸಿತ್ತು. ಕೇಳಿದ್ದು ಸ್ಕ್ರಿಪ್ಟೆಂದು ಗೊತ್ತಿದ್ದರೆ ಸರ್ವರ್ ಪುಟದ ಬದಲು ‘ಲಾಗಿನ್ ಆಗಿಲ್ಲ’ ಎಂದಷ್ಟೇ ಹೇಳಬಹುದಿತ್ತು.

ಕೇಳಿದ್ದು ಹಿನ್ನೆಲೆಯ ಸ್ಕ್ರಿಪ್ಟೋ, ಇಡೀ ಪುಟ ಬೇಕೆಂದ ಮನುಷ್ಯನೋ ಎಂಬಷ್ಟನ್ನು ಸರ್ವರ್ ತಿಳಿಯಲು ಒಂದು ಜನ್ಮ ಸಾಲದೇ? ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಕಾಲದಲ್ಲಿ, ಕೇಳಿದ್ದು ಸ್ಕ್ರಿಪ್ಟೆಂದು ಸಾರುವ ‘ಎಕ್ಸ್-ರಿಕ್ವೆಸ್ಟೆಡ್-ವಿತ್’ ಎಂಬ ಹೆಡರ್, ಅಂದರೆ ವಿನಂತಿಯ ಜೊತೆ ಹೋಗುವ ಚೀಟಿ, ತಾನಾಗಿ ಬರುತ್ತಿತ್ತು. ಅದೂ ನಮ್ಮದೇ ಡೊಮೇನಿಗೆ ಮಾತ್ರ ಎನ್ನುವುದು ಬೇರೆ ಮಾತು. ಅದು ಮಾನದಂಡವಲ್ಲ, ಬರಿಯ ರೂಢಿ. ಆಮೇಲೆ ಬಂದ ಫೆಚ್, ಅಂದರೆ ವಿನಂತಿ ಕಳಿಸಲು ಬ್ರೌಸರಿನಲ್ಲೇ ಇರುವ ಸೌಲಭ್ಯ, ಆ ಹೆಡರಿನ ಗೋಜಿಗೇ ಹೋಗುವುದಿಲ್ಲ. ನಾವೇ ಕೈಯಾರೆ ಸೇರಿಸಿದರೆ, ಬೇರೆ ಡೊಮೇನಿಗೆ ಹೋಗುವಾಗ ಅನುಮತಿ ಕೇಳಲು ಮೊದಲೊಂದು ಆಪ್ಷನ್ಸ್ ವಿನಂತಿ ಓಡುತ್ತದೆ. ಯಾವ ಬಗೆಯ ಉತ್ತರ ಬೇಕೆಂದು ಹೇಳುವ ಅಕ್ಸೆಪ್ಟ್ ಹೆಡರನ್ನು ನಂಬೋಣವೆಂದರೆ, ಫೆಚ್ ಮದುವೆಮನೆಯ ಹಸಿದ ನೆಂಟನಂತೆ ‘ಏನು ಬಡಿಸಿದರೂ ಸರಿ’ ಎಂದು ಎರಡು ನಕ್ಷತ್ರ (*/*) ಹಾಕಿ ಕಳಿಸುತ್ತದೆ. ಪೈಥಾನಿನ ವೆಬ್ ಚೌಕಟ್ಟಾದ ಜಾಂಗೊ, ಆ ‘ಎಕ್ಸ್-ರಿಕ್ವೆಸ್ಟೆಡ್-ವಿತ್’ ಹೆಡರನ್ನೇ ನೋಡಿ ಉತ್ತರಿಸುತ್ತಿದ್ದ ತನ್ನ ‘ಈಸ್ ಅಜಾಕ್ಸ್’ ಅನ್ನು 3.1ನೇ ಆವೃತ್ತಿಯಲ್ಲಿ ಬಳಸಬೇಡಿರೆಂದು ಹೇಳಿ, 4.0ರಲ್ಲಿ ಕಿತ್ತೇ ಹಾಕಿತು. ಹಾಗಾದರೆ ಅಷ್ಟು ವರ್ಷ ನಾವು ನಂಬಿದ್ದು ಯಾವ ದೇವರನ್ನು?

ಬೆಳಿಗ್ಗೆ ಹೋಂಸ್ಟೇ ಮಾಲೀಕರು ಫೋನ್ ಮಾಡಿ, “ಪುಟದೊಳಗೆ ಇನ್ನೊಂದು ಪುಟ ಇಟ್ಟಿದ್ದೀರಲ್ಲ, ಅದು ಹೊಸ ಡಿಸೈನಾ?” ಎಂದು ವಿನಯದಿಂದಲೇ ಕೇಳಿದರು.